ಇನ್ಸುಲಿನ್ ಪಾರ್ಸಲ್‌ಗೆ ಸಿಮ್ ಲಾಗರ್ ಇಡಬೇಕಾ, ಬ್ಲೂಟೂತ್ ಲಾಗರ್ ಸಾಕಾ?

ಹುಬ್ಬಳ್ಳಿಯಿಂದ ನರಗುಂದ, ರೋಣ ಕಡೆಯ ಮೆಡಿಕಲ್‌ಗಳಿಗೆ ನಾವು ಇನ್ಸುಲಿನ್ ಕಳಿಸುತ್ತೇವೆ. ಅದು 2ರಿಂದ 8 ಡಿಗ್ರಿ ಒಳಗೇ ಇರಬೇಕು. ಬಿಸಿಗೆ ಕೆಡುತ್ತದೆ ಅಂತ ಎಲ್ಲರಿಗೂ ಗೊತ್ತು. ಆದರೆ ಒಮ್ಮೆ ಹೆಪ್ಪುಗಟ್ಟಿದರೂ ಬಿಸಾಡಲೇಬೇಕು, ಕರಗಿದ ಮೇಲೆ ನೋಡೋಕೆ ಚೆನ್ನಾಗೇ ಕಂಡರೂ ಯಾರಿಗೂ ಕೊಡುವಂತಿಲ್ಲ. ಅದಕ್ಕೇ ಬಾಕ್ಸಿನೊಳಗೆ ತಾಪಮಾನ ದಾಖಲಿಸುವ ಲಾಗರ್ ಬೇಕು. ಸಿಮ್ ಲಾಗರ್ ಮೊಬೈಲ್ ನೆಟ್‌ವರ್ಕ್ ಮೂಲಕ ದಾರಿಯಿಂದಲೇ ಲೆಕ್ಕ ಕಳಿಸುತ್ತದೆ, ಬ್ಲೂಟೂತ್ ಲಾಗರ್ ಒಳಗೇ ಬರೆದಿಟ್ಟುಕೊಂಡು ಹತ್ತಿರ ಹಿಡಿದ ಮೊಬೈಲ್‌ಗೆ ಕೊಡುತ್ತದೆ. ಈ ಎರಡನ್ನೂ ಮಳೆಗಾಲದಲ್ಲಿ ಒಂದೇ ಥರ್ಮಾಕೋಲ್ ಬಾಕ್ಸಿನಲ್ಲಿ ಅಕ್ಕಪಕ್ಕ ಇಟ್ಟು ಕಳಿಸಿ ನೋಡಿದ್ದೇನೆ.

ಸಿಮ್ ಲಾಗರ್‌ನ ಲಾಭ ಏನಂದ್ರೆ, ಗಾಡಿ ದಾರಿಯಲ್ಲಿದ್ದಾಗಲೇ ಎಲ್ಲ ಗೊತ್ತಾಗುತ್ತದೆ. ಒಂದು ಸಲ ನವಲಗುಂದದ ಹತ್ತಿರ 8 ಡಿಗ್ರಿ ದಾಟಿತು ಅಂತ ಮೊಬೈಲ್‌ಗೆ ಅಲಾರಂ ಬಂತು. ತಕ್ಷಣ ಡ್ರೈವರ್‌ಗೆ ಫೋನ್ ಮಾಡಿದರೆ ಬಾಕ್ಸಿನ ಮುಚ್ಚಳ ಸರಿಯಾಗಿ ಕೂತಿರಲಿಲ್ಲ, ಟೇಪ್ ಸುತ್ತಿ ಮುಂದೆ ಹೋದ, ಮಾಲು ಉಳೀತು. ಬ್ಲೂಟೂತ್‌ದಾಗಿದ್ದರೆ ಇದು ಅಂಗಡಿ ಮುಟ್ಟಿದ ಮೇಲೇ ತಿಳಿಯುತ್ತಿತ್ತು.

ಆದರೆ ನೆರೆ ಬಂದಾಗ ಲೆಕ್ಕವೇ ಬೇರೆ. 2019ರ ಆಗಸ್ಟ್‌ನಲ್ಲಿ ಮಲಪ್ರಭೆ ಉಕ್ಕಿ ಕೊಣ್ಣೂರು, ಹೊಳೆಆಲೂರು ಕಡೆ ಊರೊಳಗೇ ನೀರು ನುಗ್ಗಿತ್ತು. ಅಂಥ ಹೊತ್ತಲ್ಲಿ ಕರೆಂಟ್ ಹೋಗುತ್ತದೆ, ಟವರ್ ಬ್ಯಾಟರಿ ಮುಗಿಯುತ್ತದೆ, ಹಿಂದೆಯೇ ನೆಟ್‌ವರ್ಕ್ ಕೂಡ ಹೋಗುತ್ತದೆ. ಸಿಗ್ನಲ್ ಹುಡುಕಿ ಹುಡುಕಿ ಸಿಮ್ ಲಾಗರ್‌ನ ಬ್ಯಾಟರಿಯೂ ಬೇಗ ಇಳಿಯುತ್ತದೆ. ನಾನು ಮೊದಲು ನೋಡಿದ ಅಗ್ಗದ ಮಾಡೆಲ್ ಒಂದರಲ್ಲಿ ನೆಟ್‌ವರ್ಕ್ ಇಲ್ಲದ ಹೊತ್ತಿನ ದಾಖಲೆಯೇ ಇರಲಿಲ್ಲ, ಗ್ರಾಫ್‌ನಲ್ಲಿ ಆ ಜಾಗ ಪೂರ್ತಿ ಖಾಲಿ. ಮಾಲು ಕೊಡಬೇಕೋ ಬಿಸಾಡಬೇಕೋ ಅಂತ ಹೇಳೋದು ಹೇಗೆ? ಆಮೇಲೆ ತಂದದ್ದು ಒಳಗೇ ಬರೆದಿಟ್ಟುಕೊಂಡು ಸಿಗ್ನಲ್ ಬಂದಾಗ ಕಳಿಸುತ್ತದೆ. ಕೊಳ್ಳುವ ಮೊದಲು ಸಿಮ್ ತೆಗೆದು ಒಂದು ರಾತ್ರಿ ಫ್ರಿಜ್‌ನಲ್ಲಿಡಿ, ಬೆಳಗ್ಗೆ ಸಿಮ್ ಹಾಕಿದಾಗ ಗ್ರಾಫ್ ತುಂಬದಿದ್ದರೆ ಅದು ಬೇಡವೇ ಬೇಡ.

ಬ್ಲೂಟೂತ್ ಲಾಗರ್‌ಗೆ ಈ ತಾಪತ್ರಯ ಇಲ್ಲ. ಗುಂಡಿ ಸೆಲ್ಲು ತಿಂಗಳುಗಟ್ಟಲೆ ಬರುತ್ತದೆ, ರೀಚಾರ್ಜ್ ಇಲ್ಲ, ಅಂಗಡಿಯವರು ಮೊಬೈಲ್ ಹತ್ತಿರ ಹಿಡಿದರೆ ದಾರಿಯ ಪೂರ್ತಿ ಲೆಕ್ಕ ಬರುತ್ತದೆ. ಒಂದು ದಿನ ಡ್ರೈವರ್ ಫೋನ್ ಮಾಡಿ "ಅಣ್ಣಾರ, ಬೆಣ್ಣಿಹಳ್ಳ ತುಂಬಿ ಬಂದೈತ್ರಿ, ಗಾಡಿ ದಾಟಂಗಿಲ್ಲ" ಅಂದ. ಅಲ್ಲಿಂದಾಚೆ ಅವನ ಫೋನೂ ಸಿಗಲಿಲ್ಲ. ಮರುದಿನ ಬಾಕ್ಸು ನರಗುಂದ ಮುಟ್ಟಿದಾಗ ಸಿಮ್‌ನದು ಸತ್ತಿತ್ತು, ಬ್ಲೂಟೂತ್‌ನದರಲ್ಲಿ ರಾತ್ರಿಯಿಡೀ 5-6 ಡಿಗ್ರಿ ಇದ್ದದ್ದು ಕಂಡಿತು. ಆ ಮಾಲನ್ನು ಧೈರ್ಯವಾಗಿ ಕೊಟ್ಟೆವು.

ಇನ್ನೊಂದು ವಿಷಯ ಕಲಿಸಿದ್ದೂ ಬ್ಲೂಟೂತ್ ಲಾಗರೇ. ಫ್ರೀಜರ್‌ನಿಂದ ತೆಗೆದ, ನೀರು ತುಂಬಿದ ಐಸ್ ಪ್ಯಾಕ್ ಸೀದಾ ಬಾಕ್ಸಿಗೆ ಹಾಕಿದರೆ ಅದರ ಪಕ್ಕದಲ್ಲಿ ತಾಪಮಾನ ಸೊನ್ನೆಗಿಂತ ಕೆಳಗೆ ಹೋಗುತ್ತದೆ. ಈಗ ಪ್ಯಾಕ್ ಹೊರಗಿಟ್ಟು, ಮೇಲೆ ಬೆವರಿನ ಹಾಗೆ ಹನಿ ಮೂಡಿ, ಅಲ್ಲಾಡಿಸಿದರೆ ಒಳಗೆ ನೀರಿನ ಸದ್ದು ಬರುವವರೆಗೆ ಕಾಯುತ್ತೇವೆ. ಔಷಧಕ್ಕೂ ಪ್ಯಾಕಿಗೂ ನಡುವೆ ರಟ್ಟು ಇಡುತ್ತೇವೆ.

ಡ್ರೋನ್ ಬಗ್ಗೆಯೂ ಕೇಳುತ್ತಾರೆ. 2021ರ ಅಕ್ಟೋಬರ್‌ನಲ್ಲಿ ಐಸಿಎಂಆರ್ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) ಮಣಿಪುರದ ಬಿಷ್ಣುಪುರದಿಂದ ಲೋಕ್ಟಾಕ್ ಸರೋವರದ ಕರಾಂಗ್ ದ್ವೀಪಕ್ಕೆ ಕೋವಿಡ್ ಲಸಿಕೆ ಹಾರಿಸಿತ್ತು. ರಸ್ತೆಯಲ್ಲಿ 26 ಕಿ.ಮೀ., ಆಕಾಶದಲ್ಲಿ 15, ಹಿಡಿದದ್ದು ಹೆಚ್ಚೂಕಡಿಮೆ ಕಾಲು ಗಂಟೆ. ನಮ್ಮ ಹೊಳೆದಂಡೆಯ ಹಳ್ಳಿಗಳಿಗೂ ಅದು ಬರಲಿ ಅಂತ ನನಗೆ ತುಂಬಾ ಆಸೆಯಿದೆ.

ಸದ್ಯಕ್ಕೆ ಗದಗ ಕಡೆ ದೊಡ್ಡ ರಸ್ತೆಯಲ್ಲಿ ಹೋಗುವ ದೊಡ್ಡ ಮಾಲಿಗೆ ಸಿಮ್‌ನದು, ಹಳ್ಳಿ ಪಾರ್ಸಲ್‌ಗೆಲ್ಲ ಬ್ಲೂಟೂತ್‌ನದು. ಒಂದೇ ಕೊಳ್ಳುವಷ್ಟು ದುಡ್ಡಿದ್ದರೆ ಬ್ಲೂಟೂತ್ ತಗೊಳ್ಳಿ. ಬೆಣ್ಣಿಹಳ್ಳ ಮಳೆ ಬಿದ್ದರೆ ದಿಢೀರ್ ಅಂತ ಬರುತ್ತದೆ, ಅದಕ್ಕೆ ಮುಂಚೆ ತಯಾರಾಗೋದು ಕಷ್ಟ. ಮಲಪ್ರಭೆ ಹಾಗಲ್ಲ, ನವಿಲುತೀರ್ಥ ಅಣೆಕಟ್ಟಿನಿಂದ ನೀರು ಬಿಡುವ ಸುದ್ದಿ ಮೊದಲೇ ಬರುತ್ತದೆ. ಆ ಸುದ್ದಿ ಬಂದ ದಿನವೇ ನರಗುಂದದಲ್ಲಿ ಇನ್ವರ್ಟರ್, ಫ್ರಿಜ್ ಇರುವ ಅಂಗಡಿಗೆ ಹೆಚ್ಚಿನ ಸ್ಟಾಕ್ ಕಳಿಸಿಬಿಡುತ್ತೇವೆ, ಜೊತೆಗೆ ಒಂದು ಲಾಗರ್ ಅಲ್ಲಿನ ಫ್ರಿಜ್‌ನಲ್ಲೇ ಇರುತ್ತದೆ.