ಬೀರು, ಬೋರ್ಡ್ ವಾರ್ಡ್‌ರೋಬ್, ಕಡಪ ಕಲ್ಲು: ಬಳ್ಳಾರಿಯ ಸಣ್ಣ ಮನೆಗೆ ಯಾವುದು ಸರಿ?

ಬಟ್ಟೆಬರೆ ಇಡೋಕೆ ನನ್ನ ಓಟು ಕಬ್ಬಿಣದ ಬೀರುವಿಗೇ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ನಮ್ಮದು ಬಾಡಿಗೆ ಮನೆ. ಎರಡು ರೂಮು, ಒಂದು ಹಾಲು, ಮೊದಲನೇ ಮಹಡಿ. ನಮ್ಮ ರೂಮಿನಲ್ಲಿ ಬೀರು ಇದೆ. ಮಕ್ಕಳ ರೂಮಿನಲ್ಲಿ ಆನ್‌ಲೈನಿನಲ್ಲಿ ತರಿಸಿದ ಬೋರ್ಡ್ ವಾರ್ಡ್‌ರೋಬ್. ಅಡುಗೆಮನೆಯಲ್ಲಿ ಓನರ್ ಗೋಡೆಗೇ ಕೂರಿಸಿದ ಕಡಪ ಕಲ್ಲಿನ ಕಪಾಟು. ಹಿಂದಿನ ಮನೆಯಲ್ಲಿ ಬಡಗಿ ಕೈಲಿ ಪ್ಲೈವುಡ್ ಕಪಾಟೂ ಮಾಡಿಸಿದ್ದೆವು. ನಾಲ್ಕನ್ನೂ ಬಳಸಿ ನೋಡಿಯೇ ಬರೆಯುತ್ತಿದ್ದೇನೆ.

ಎಷ್ಟು ಖಾನೆ, ಯಾವ ಬಣ್ಣ, ಎಷ್ಟು ಬಾಗಿಲು ಅನ್ನೋದನ್ನು ಅಂಗಡಿಯವರೇ ಹೇಳುತ್ತಾರೆ. ಆದರೆ ನಮ್ಮೂರಲ್ಲಿ ಒಂದು ಸಾಮಾನು ಬಾಳುತ್ತದೋ ಇಲ್ಲವೋ ಅನ್ನೋದು ಬೇರೆ ಮೂರು ವಿಷಯದ ಮೇಲೆ ನಿಂತಿದೆ: ದೂಳು, ನೆಲ ಒರೆಸುವ ನೀರು, ಬೇಸಿಗೆಯ ಕೂಲರ್. ಬಾಡಿಗೆ ಮನೆಯವರಾದರೆ ನಾಲ್ಕನೆಯದು ಮನೆ ಬದಲಾಯಿಸೋದು.

ಬೋರ್ಡ್ ವಾರ್ಡ್‌ರೋಬ್ ಬಂದಾಗ ನೋಡೋಕೆ ಚೆಂದವೇ ಇತ್ತು. ಮೂರು ಬಾಗಿಲು, ತೇಗದ ಬಣ್ಣ, ಕೆಳಗೆ ಒಂದು ಡ್ರಾಯರ್. ಬೀರುವಿಗಿಂತ ಕಮ್ಮಿ ಬೆಲೆಗೆ ಸಿಕ್ಕಿತು. ಒಳಗಿರೋದು ಪಾರ್ಟಿಕಲ್ ಬೋರ್ಡ್. ಅಂದರೆ ಕಟ್ಟಿಗೆಯ ಚೂರು, ಹೊಟ್ಟಿಗೆ ಅಂಟು ಬೆರೆಸಿ, ಕಾವು ಕೊಟ್ಟು ಒತ್ತಿ ಮಾಡಿದ ಹಲಗೆ. ಮೇಲೆ ತೆಳುವಾದ ಹೊದಿಕೆ. ಕಣ್ಣಿಗೆ ಕಾಣುವ ಅಂಚಿಗೆಲ್ಲ ಪ್ಲಾಸ್ಟಿಕ್ ಪಟ್ಟಿ ಹಚ್ಚಿದ್ದರು. ನೆಲಕ್ಕೆ ಕೂರುವ ಅಂಚಿಗೆ ಏನೂ ಹಚ್ಚಿರಲಿಲ್ಲ. ತೊಂದರೆ ಶುರುವಾಗಿದ್ದು ಅಲ್ಲಿಂದಲೇ.

ಬಳ್ಳಾರಿಯಲ್ಲಿ ದಿನಾ ನೆಲ ಒರೆಸದೆ ಇರೋಕಾಗಲ್ಲ. ಬೆಳಿಗ್ಗೆ ಒರೆಸಿದರೂ ಸಂಜೆಯೊಳಗೆ ಅಂಗಾಲಿಗೆ ದೂಳು ತಾಗುತ್ತದೆ. ಅದಿರಿನ ಲಾರಿ ಓಡಾಡುವ ರಸ್ತೆ ಹತ್ತಿರದಲ್ಲಿದ್ದರೆ ಅದು ಕೆಂಪು ದೂಳು. ನಳದಲ್ಲಿ ನೀರು ಬಿಟ್ಟ ದಿನ ಡ್ರಮ್ಮು, ಕೊಡ, ಸಂಪು ಎಲ್ಲ ತುಂಬಿಸಿಕೊಂಡು, ಹಳೇ ನೀರಿನಲ್ಲಿ ಮನೆ ತೊಳೆದೇಬಿಡುತ್ತೇವೆ. ವಾರ್ಡ್‌ರೋಬಿಗೆ ಕಾಲಿಲ್ಲ. ಹಲಗೆ ನೇರ ನೆಲದ ಮೇಲೆ ಕೂತಿದೆ. ಎಷ್ಟೇ ಹಿಂಡಿ ಒರೆಸಿದರೂ ಅಂಚಿಗೆ ತೇವ ತಾಗೇ ತಾಗುತ್ತದೆ. ಬರಿ ಅಂಚು ಆ ತೇವವನ್ನು ಹೀರಿ ಉಬ್ಬಿತು. ಪಾರ್ಟಿಕಲ್ ಬೋರ್ಡ್ ಒಮ್ಮೆ ಉಬ್ಬಿದರೆ, ಒಣಗಿದ ಮೇಲೂ ಮೊದಲಿನ ಅಳತೆಗೆ ವಾಪಸ್ ಬರಲ್ಲ.

ಉಬ್ಬಿದ್ದು ಬರೀ ಕೆಳಗಿನ ಹಲಗೆ. ಆದರೆ ಪೆಟ್ಟು ಬಿದ್ದಿದ್ದು ಬಾಗಿಲಿಗೆ. ತಳ ಉಬ್ಬಿ ಮೇಲೆ ಬಂದಿದ್ದಕ್ಕೆ ಬಾಗಿಲು ಉಜ್ಜೋಕೆ ಶುರುವಾಯಿತು. ಉಜ್ಜಿದರೆ ಮಕ್ಕಳು ಜೋರಾಗಿ ಎಳೆಯುತ್ತಾರೆ. ಎಳೆದ ಜೋರೆಲ್ಲ ಮೇಲಿನ ಕೀಲಿನ ಮೇಲೆ ಬೀಳುತ್ತದೆ. ಕೀಲು ಹಿಡಿದಿರೋದು ಎರಡು ಸಣ್ಣ ಸ್ಕ್ರೂ. ಮೊದಲು ಒಂದು ಸಡಿಲವಾಯಿತು. ನಮ್ಮನೆಯವರು ಬಿಗಿ ಮಾಡಿದರು. ಮತ್ತೆ ಸಡಿಲವಾಯಿತು. ಆಮೇಲೆ ಸ್ಕ್ರೂ ತಿರುಗಿಸಿದರೆ ಸುಮ್ನೆ ತಿರುಗುತ್ತಲೇ ಇತ್ತು, ಕಚ್ಚುತ್ತಿರಲಿಲ್ಲ. ಕೊನೆಗೆ ಒಂದು ದಿನ ಕೀಲು ಸ್ಕ್ರೂ ಸಮೇತ ಕಿತ್ತು ಬಂತು, ಜೊತೆಗೆ ಒಂದು ಹಿಡಿ ಹೊಟ್ಟೂ ಉದುರಿತು. ಬಾಗಿಲು ಕೆಳಗಿನ ಕೀಲಿನಲ್ಲಿ ಜೋತು ಬಿದ್ದಿತ್ತು. ಮಗಳ ಕಾಲಿನ ಮೇಲೆ ಬೀಳದೆ ಇದ್ದಿದ್ದೇ ಪುಣ್ಯ.

ಮಾರಿದವರಿಗೆ ಫೋಟೊ ಕಳಿಸಿದೆವು. ನೀರು ತಾಗಿ ಕೆಟ್ಟರೆ ವಾರಂಟಿ ಬರಲ್ಲ ಅಂದರು. ನೆಲ ಒರೆಸೋಕೂ ಆಗದ ಸಾಮಾನನ್ನು ನೆಲದ ಮೇಲೆ ಇಡಿ ಅಂತ ಮಾರೋದು ಯಾವ ನ್ಯಾಯ? ಈ ಮಾತಿಗೆ ನನಗೆ ಇವತ್ತಿಗೂ ಸಿಟ್ಟಿದೆ.

ಪರಿಚಯದ ಬಡಗಿಯನ್ನು ಕರೆಸಿದೆ. ಅವರು ಬೆರಳಲ್ಲಿ ತೂತು ಕೆರೆದು ನೋಡಿ, "ಅಕ್ಕಾ, ಇದು ಕಟ್ಟಿಗೆ ಅಲ್ರಿ, ಒತ್ತಿದ ಪುಡಿ. ಇದ್ರಾಗ ಸ್ಕ್ರೂ ಒಮ್ಮೆ ಬಿಚ್ಚಿದ್ರ ಮತ್ತ ನಿಂದ್ರಂಗಿಲ್ಲ" ಅಂದರು. ಮೊದಲು ತೂತಿಗೆ ಕಡ್ಡಿಪೆಟ್ಟಿಗೆಯ ಕಡ್ಡಿ ಮುರಿದು ತುಂಬಿ, ಫೆವಿಕಾಲ್ ಹಾಕಿ, ಒಣಗಿದ ಮೇಲೆ ಸ್ಕ್ರೂ ಕೂರಿಸಿದರು. ಮರದ ಬಾಗಿಲಿಗೆ ಇದು ಒಳ್ಳೆ ಉಪಾಯವೇ. ಇದರಲ್ಲಿ ಜಾಸ್ತಿ ದಿನ ನಿಲ್ಲಲಿಲ್ಲ. ಎರಡನೇ ಸಲ ಅವರು ಸ್ಕ್ರೂ ಬಿಟ್ಟು, ಹಲಗೆಯನ್ನು ಆಚೆಯಿಂದ ಈಚೆಗೆ ಪೂರ್ತಿ ಕೊರೆದು, ವಾಷರ್ ಇಟ್ಟು ನಟ್ಟು ಬೋಲ್ಟು ಹಾಕಿದರು. ಹೊರಗಡೆ ನಟ್ಟು ಎದ್ದು ಕಾಣುತ್ತದೆ, ಆದರೆ ಬಾಗಿಲು ಗಟ್ಟಿಯಾಗಿ ನಿಂತಿದೆ. ನಿಮ್ಮ ಮನೆಯಲ್ಲೂ ಇಂಥದೇ ವಾರ್ಡ್‌ರೋಬ್ ಇದ್ದು ಕೀಲು ಅಲುಗಾಡುತ್ತಿದ್ದರೆ, ಕಡ್ಡಿ, ಅಂಟಿನಲ್ಲಿ ಹೊತ್ತು ಕಳೆಯಬೇಡಿ. ಮೊದಲ ಸಲಕ್ಕೇ ಬೋಲ್ಟ್ ಹಾಕಿಸಿ. ತಳದ ಅಂಚಿಗೆ ಪೇಂಟೋ ವಾರ್ನಿಶೋ ಬಳಿದು, ಕೆಳಗೆ ಗ್ರಾನೈಟ್ ತುಂಡು ಕೊಟ್ಟು ಒಂದೆರಡು ಇಂಚು ಎತ್ತರಿಸಿ. ಹೊಸದು ಬಂದ ದಿನವೇ ಇದನ್ನು ಮಾಡಿದರೆ ಇನ್ನೂ ಒಳ್ಳೇದು.

ಕೂಲರ್ ವಿಷಯವನ್ನೂ ಹೇಳಬೇಕು. ಏಪ್ರಿಲ್, ಮೇನಲ್ಲಿ ಇಲ್ಲಿ ಬಿಸಿಲು 40 ಡಿಗ್ರಿ ದಾಟುತ್ತದೆ. ರಾತ್ರಿ ಕೂಲರ್ ಇಲ್ಲದೆ ಮಕ್ಕಳು ಮಲಗಲ್ಲ. ಕೂಲರ್ ತಂಪು ಮಾಡೋದು ನೀರಿನ ಹಸಿಯನ್ನು ಗಾಳಿಗೆ ಸೇರಿಸಿ. ಕಿಟಕಿ ತೆಗೆದಿಡದಿದ್ದರೆ ಆ ಹಸಿ ರೂಮಿನಲ್ಲೇ ಉಳಿಯುತ್ತದೆ. ಗೋಡೆ ಕಡೆಯ ತೆಳು ಹಲಗೆ ಬಾಗಿದ್ದು ಕೂಲರ್ ಹಾಕಿದ ದಿನಗಳಲ್ಲೇ.

ಇನ್ನು ಮನೆ ಬದಲಾಯಿಸುವಾಗ ಇದನ್ನು ಬಿಚ್ಚಿ ಜೋಡಿಸಬಹುದು ಅಂತ ಹೇಳುತ್ತಾರೆ. ಬಿಚ್ಚೋದೇನೋ ಸುಲಭ. ಆದರೆ ಪ್ರತಿ ಸಲ ಬಿಚ್ಚಿದಾಗಲೂ ತೂತುಗಳು ಸಡಿಲವಾಗುತ್ತವೆ. ಹನ್ನೊಂದು ತಿಂಗಳ ಅಗ್ರಿಮೆಂಟಿನ ಮೇಲೆ ಬದುಕುವವರಿಗೆ ಇದು ಸಣ್ಣ ಮಾತಲ್ಲ.

ಬೋರ್ಡಿನಲ್ಲಿ ನನಗೆ ಇಷ್ಟವಾದದ್ದು ಒಂದೇ. ಬಾಗಿಲು ಸದ್ದಿಲ್ಲದೆ ಮುಚ್ಚುತ್ತದೆ.

ಈಗ ಬೀರು. ಸಾಮಾನ್ಯವಾಗಿ ಸಿಗೋದು ಆರೂವರೆ ಅಡಿ ಎತ್ತರ, ಮೂರು ಅಡಿ ಅಗಲ, 19 ಇಂಚು ಆಳದ್ದು. ಬ್ರ್ಯಾಂಡಿನದೇ ಬೇಕು ಅಂತಿಲ್ಲ. ನಮ್ಮದು ಊರಿನ ವರ್ಕ್‌ಶಾಪಿನಲ್ಲಿ ಹೇಳಿ ಮಾಡಿಸಿದ್ದು, 15,000 ರೂಪಾಯಿಯೊಳಗೆ ಮುಗಿಯಿತು. ಕೊಳ್ಳುವಾಗ ಕೇಳಬೇಕಾದ್ದು ಗೇಜ್, ಅಂದರೆ ತಗಡಿನ ದಪ್ಪ ಹೇಳುವ ನಂಬರು. ಗೇಜ್ ನಂಬರು ಹೆಚ್ಚಾದಷ್ಟೂ ತಗಡು ತೆಳು. 20 ಗೇಜ್ ಅಂದರೆ ಸುಮಾರು 0.9 ಮಿಲಿಮೀಟರ್, 22 ಅಂದರೆ 0.7ರ ಹತ್ತಿರ, 24 ಅಂದರೆ 0.55ರ ಹತ್ತಿರ. "ದೊಡ್ಡ ನಂಬರು, ಗಟ್ಟಿ ಮಾಲು" ಅಂತ ಯಾರಾದರೂ ಹೇಳಿದರೆ ಆ ಅಂಗಡಿಯಿಂದ ಎದ್ದು ಬನ್ನಿ. ಬಾಗಿಲಿಗೆ ಒಂದು ಗೇಜ್, ಹಿಂಭಾಗಕ್ಕೆ ಇನ್ನೊಂದು ಹಾಕುವುದೂ ಉಂಟು. ಅದನ್ನೂ ಕೇಳಿ, ಬಿಲ್ಲಿನಲ್ಲಿ ಬರೆಸಿಕೊಳ್ಳಿ. ನಾನು ಬಾಗಿಲಿನ ನಡುವೆ ಹೆಬ್ಬೆರಳಿಂದ ಒತ್ತಿ ನೋಡುತ್ತೇನೆ. ತಗಡು ಒಳಗೆ ಹೋಗಿ ಡಬ್ ಅಂತ ಹೊರಗೆ ಬಂದರೆ ಅದು ತೆಳು.

ವರ್ಕ್‌ಶಾಪಿನವರಿಗೆ ನಾನು ಹೇಳಿದ್ದು ಒಂದೇ ಬದಲಾವಣೆ: ಕಾಲು ಆರು ಇಂಚು ಇರಲಿ. ಕೆಳಗೆ ಪೊರಕೆ, ಒರೆಸುವ ಬಟ್ಟೆ ಎರಡೂ ಹೋಗಬೇಕು. ಕಾಲಿಗೆ ರಬ್ಬರ್ ಬುಷ್ ಹಾಕಿಸಿದೆವು. ಬರಿ ಕಬ್ಬಿಣದ ಕಾಲು ಒದ್ದೆ ನೆಲದ ಮೇಲೆ ನಿಂತರೆ ಟೈಲ್ಸ್ ಮೇಲೆ ತುಕ್ಕಿನ ಉಂಗುರ ಬೀಳುತ್ತದೆ, ಅದು ಸುಲಭಕ್ಕೆ ಹೋಗಲ್ಲ. ಬಣ್ಣ ಗೀರು ಬಿದ್ದ ಕಡೆ ಬೇಗ ಒಂದು ಕೈ ಪೇಂಟ್ ಹಚ್ಚಬೇಕು. ಬೀರುವಿಗೆ ನಾನು ಮಾಡುವ ಸೇವೆ ಇಷ್ಟೇ. ಗೆದ್ದಲಿನ ಭಯ ಇಲ್ಲ. ಒಳಗೆ ಲಾಕರ್ ಇದೆ, ಪತ್ರಗಳು, ಒಂದೆರಡು ಒಡವೆ ಅಲ್ಲಿರುತ್ತವೆ. ಹಿಡಿ ತಿರುಗಿಸಿದರೆ ಮೇಲೆ, ಕೆಳಗೆ, ನಡುವೆ ಮೂರೂ ಕಡೆ ಚಿಲಕ ಬೀಳುತ್ತದೆ. ಬೋರ್ಡ್ ವಾರ್ಡ್‌ರೋಬಿನ ಬೀಗವನ್ನು ಮಕ್ಕಳೇ ಎಳೆದು ತೆಗೆಯಬಹುದು.

ಬೀರುವಿಗೆ ತೊಂದರೆ ಇಲ್ಲ ಅಂತಲ್ಲ. ಬೆಳಿಗ್ಗೆ ಐದಕ್ಕೆ ಬಾಗಿಲು ತೆಗೆದರೆ ಮನೆಯವರೆಲ್ಲ ಏಳುತ್ತಾರೆ. ದೂಳು ಸಂದಿಯಿಂದ ಒಳಗೆ ಹೋಗುತ್ತದೆ, ಅದಕ್ಕೇ ರೇಷ್ಮೆ ಸೀರೆಗಳನ್ನು ನಾನು ಹಳೇ ಪಂಚೆಯಲ್ಲಿ ಸುತ್ತಿಡುತ್ತೇನೆ. ದೊಡ್ಡ ಚಿಂತೆ ಜಾಗದ್ದು. ನಮ್ಮ ರೂಮು ಹತ್ತಕ್ಕೆ ಹತ್ತು, ಅಂದರೆ 120 ಇಂಚು. ಮಂಚ 78 ಇಂಚು ಉದ್ದ. ಬೀರು 19. ಉಳಿಯೋದು 23 ಇಂಚು. ಬೀರುವಿನ ಒಂದು ಬಾಗಿಲು 18 ಇಂಚು. ತೆಗೆಯಬಹುದು, ಆದರೆ ನಾವು ಪಕ್ಕಕ್ಕೆ ಸರಿದು ನಿಲ್ಲಬೇಕು. ಕೊಳ್ಳುವ ಮುಂಚೆ ನೆಲದ ಮೇಲೆ ಸೀಮೆಸುಣ್ಣದಲ್ಲಿ ಬಾಗಿಲು ತೆರೆಯುವ ಗೆರೆ ಎಳೆದು ನೋಡಿ. ಜಾರುವ ಬಾಗಿಲಿನ ಬೀರುವೂ ಸಿಗುತ್ತದೆ. ಅಕ್ಕನ ಮನೆಯಲ್ಲಿದೆ. ಕೆಳಗಿನ ಹಳಿಯಲ್ಲಿ ದೂಳು ತುಂಬಿ ಬಾಗಿಲು ನಡುವೆ ನಿಲ್ಲುತ್ತದೆ, ಆಕೆ ವಾರಕ್ಕೊಮ್ಮೆ ಹಲ್ಲುಜ್ಜುವ ಬ್ರಷ್‌ನಿಂದ ಹಳಿ ತಿಕ್ಕುತ್ತಾಳೆ. ನನಗೆ ಅಷ್ಟು ಪುರುಸೊತ್ತಿಲ್ಲ.

ಮೆಟ್ಟಿಲನ್ನೂ ಅಳೆಯಿರಿ. ಕಿರಿದಾದ ಮೆಟ್ಟಿಲು ನಡುವೆ ತಿರುಗಿದ್ದರೆ ಆರೂವರೆ ಅಡಿಯ ಬೀರು ತಿರುಗಲ್ಲ. ನಮ್ಮದನ್ನು ಹಮಾಲರು ಹಗ್ಗ ಕಟ್ಟಿ ಬಾಲ್ಕನಿ ಕಡೆಯಿಂದ ಎಳೆದರು. ಅದಕ್ಕೆ ಬೇರೆ ಕೂಲಿ.

ಕಡಪ ಕಲ್ಲಿನ ಕಪಾಟನ್ನು ನಾನು ಮನಸಾರೆ ಹೊಗಳುತ್ತೇನೆ. ಕಲ್ಲು ಪಕ್ಕದ ಆಂಧ್ರದ್ದು, ಇಲ್ಲಿ ಸುಲಭವಾಗಿ ಸಿಗುತ್ತದೆ. ಉಬ್ಬಲ್ಲ, ಗೆದ್ದಲು ತಿನ್ನಲ್ಲ, ತುಕ್ಕಿಲ್ಲ. ಸಿರುಗುಪ್ಪದ ನಮ್ಮ ತವರುಮನೆಯಲ್ಲಿ ನಾನು ಹುಟ್ಟುವ ಮುಂಚೆ ಹಾಕಿದ ಕಲ್ಲು ಇವತ್ತಿಗೂ ಹಾಗೇ ಇದೆ. ಗೋಡೆಗೆ ಹೊಂದಿಕೊಂಡೇ ಇರೋದರಿಂದ ಸಣ್ಣ ರೂಮಿನಲ್ಲಿ ಜಾಗವೂ ಉಳಿಯುತ್ತದೆ. ಕಲ್ಲಿಗೆ ಎಣ್ಣೆ ಬಿದ್ದರೆ ಕಲೆ ನಿಲ್ಲುತ್ತದೆ, ಹುಣಸೆಹುಳಿ, ನಿಂಬೆರಸ ಬಿದ್ದರೆ ಹೊಳಪು ಹೋಗುತ್ತದೆ, ಯಾಕಂದರೆ ಅದು ಸುಣ್ಣಕಲ್ಲಿನ ಜಾತಿ. ಸ್ವಂತ ಮನೆ ಕಟ್ಟಿಸುವವರು ಬೇರೆ ಏನೂ ಯೋಚಿಸದೆ ಪ್ರತಿ ರೂಮಿನಲ್ಲೂ ಒಂದು ಕಡಪ ಕಪಾಟು ಬಿಡಿಸಿ, ಮುಂದೆ ಅಲ್ಯೂಮಿನಿಯಂ ಬಾಗಿಲು ಹಾಕಿಸಲಿ. ನಾಳೆ ನಮಗೂ ಸೈಟು ಕೊಳ್ಳುವ ಯೋಗ ಬಂದರೆ ನಾನು ಮಾಡೋದು ಅದನ್ನೇ. ಬಾಡಿಗೆ ಮನೆಯಲ್ಲಿ ನಮ್ಮ ದುಡ್ಡು ಹಾಕಿ ಗೋಡೆ ಒಡೆಸೋಕೆ ಬರಲ್ಲ.

ಪ್ಲೈವುಡ್ ಕಪಾಟು ಒಳ್ಳೆಯದೇ, ದುಬಾರಿ. ಮಾಡಿಸೋದಾದರೆ ಹಲಗೆಯ ಮೇಲೆ ಐಎಸ್ 710 ಅನ್ನೋ ಮುದ್ರೆ ನೋಡಿ, ಅದು ನೀರು ತಡೆಯುವ ಮರೈನ್ ಪ್ಲೈ. ನಾವು ಮಾಡಿಸಿದ್ದು ಆ ಮನೆಯ ಗೋಡೆಯ ಅಳತೆಗೆ. ಬಿಟ್ಟು ಬರುವಾಗ ಅದನ್ನು ಅಲ್ಲೇ ಬಿಟ್ಟು ಬಂದೆವು.

        

ಯಾರಿಗೆ ಬೀರು ಬೇಡ ಅಂದರೆ, ಮೂರನೇ ಮಹಡಿಯಲ್ಲಿ ಇರುವವರಿಗೆ, ರೂಮು ಎಂಟಕ್ಕೆ ಎಂಟೋ ಅದಕ್ಕೂ ಚಿಕ್ಕದೋ ಇರುವವರಿಗೆ. ಕೆಲಸಕ್ಕೆ ಅಂತ ಒಬ್ಬರೇ ಬಂದು ಒಂದೆರಡು ವರ್ಷ ಇರುವವರಿಗೆ ಬೋರ್ಡೇ ಸಾಕು, ತಳ ಎತ್ತರಿಸಿಕೊಂಡರೆ. ನಮ್ಮಂಥವರಿಗೆ, ಅಂದರೆ ದಿನಾ ನೆಲ ಒರೆಸುವ, ಮಕ್ಕಳಿರುವ, ಮನೆ ಬದಲಾಯಿಸುವ, ಒಂದು ಸಾಮಾನಿಗೆ 15,000 ದಾಟಿದರೆ ಹಿಂದೆಮುಂದೆ ನೋಡುವವರಿಗೆ ಬೀರುವೇ ಸರಿ. ಮಕ್ಕಳ ರೂಮಿಗೂ ದಸರಾ ಹೊತ್ತಿಗೆ ಒಂದು ಹೇಳಿದ್ದೇವೆ. ಈ ಸಲ ನಾಲ್ಕೂವರೆ ಅಡಿಯದು, ಮೆಟ್ಟಿಲಲ್ಲಿ ತಿರುಗುವ ಹಾಗೆ. ಬಾಗಿಲು 20 ಗೇಜ್, ಕಾಲು ಆರು ಇಂಚು, ಕನ್ನಡಿ ಬೇಡ. ಮೇಲೆ ಮಕ್ಕಳ ಹಾಸಿಗೆ, ಕೌದಿ ಮಡಚಿಡಬಹುದು.