ಮನೆಯಲ್ಲೇ ಶೂಟ್ ಮಾಡುವ ಕಿರುಚಿತ್ರಕ್ಕೆ ವೈರ್ ಕಾಲರ್ ಮೈಕ್ ಸಾಕಾ?

ನಮ್ಮ ಕಿರುಚಿತ್ರ ಪೂರ್ತಿ ಶೂಟ್ ಆಗಿದ್ದು ಮನೆಯೊಳಗೇ. ಕ್ಯಾಮೆರಾ ಅಂದ್ರೆ ಫೋನು, ಲೈಟ್ ಅಂದ್ರೆ ಕಿಟಕಿ. ದುಡ್ಡು ಕೊಟ್ಟು ತಂದಿದ್ದು ಒಂದೇ ವಸ್ತು, ವೈರ್ ಇರುವ ಸಾದಾ ಕಾಲರ್ ಮೈಕ್. ಕಂಪನಿ ಹೆಸರು ಬೇಡ, ಈ ದರ್ಜೆಯ ಮೈಕ್‌ಗಳ ಗುಣ, ಕಾಟ ಎರಡೂ ಹೆಚ್ಚುಕಡಿಮೆ ಒಂದೇ. ಎಡಿಟಿಂಗ್ ಕೂಡ ಮುಗಿದಿರುವುದರಿಂದ ಧೈರ್ಯವಾಗಿ ಹೇಳುತ್ತೇನೆ: ಸಿನಿಮಾದಲ್ಲಿ ಮಾತಿದ್ದರೆ ಲೆನ್ಸ್, ಕ್ಯಾಮೆರಾ ಅಲುಗದ ಹಾಗೆ ಹಿಡಿಯುವ ಗಿಂಬಲ್ ಎಲ್ಲ ಆಮೇಲೆ, ಮೊದಲು ಇದನ್ನು ತಗೊಳ್ಳಿ.

ಫೋನಿನ ಮೈಕ್ ಕೆಟ್ಟದ್ದೇನಲ್ಲ. ಆದರೆ ಅದು ಕ್ಯಾಮೆರಾ ಇದ್ದಲ್ಲೇ ಇರುತ್ತದೆ, ಮಾತಾಡುವವರು ಕೋಣೆಯ ಆ ತುದಿಯಲ್ಲಿ. ದೂರ ಎರಡು ಪಟ್ಟಾದರೆ ನೇರವಾಗಿ ಬರುವ ದನಿ ಸುಮಾರು 6 ಡೆಸಿಬಲ್ ಇಳಿಯುತ್ತದೆ. ಗೋಡೆಗೆ ಬಡಿದು ಬರುವ ಸದ್ದು ಮಾತ್ರ ಅಷ್ಟೊಂದು ಇಳಿಯುವುದಿಲ್ಲ. ಬಾವಿಯೊಳಗಿಂದ ಮಾತಾಡಿದ ಹಾಗೆ ಕೇಳುವುದು ಅದಕ್ಕೇ. ಕಾಲರ್ ಮೈಕ್ ಗದ್ದದಿಂದ ಒಂದು ಗೇಣು ಕೆಳಗೆ ಕೂರುತ್ತದೆ, ಕ್ಯಾಮೆರಾ ಎಲ್ಲಿದ್ದರೂ ಸರಿ. ನಮ್ಮ ನಟಿ ಗೋಡೆ ಕಡೆ ತಿರುಗಿ ಗೊಣಗುವ ಒಂದು ಸಾಲಿತ್ತು. ಅದನ್ನು ಡಬ್ ಮಾಡಲೇಬೇಕು ಅಂದುಕೊಂಡಿದ್ದೆವು. ಬೇಕಾಗಲಿಲ್ಲ.

ಈಗ ಕಾಟದ ವಿಷಯ. ಈ ಮೈಕ್ ಎಲ್ಲ ದಿಕ್ಕಿನಿಂದಲೂ ಕೇಳಿಸಿಕೊಳ್ಳುತ್ತದೆ. ನಟರು ತಲೆ ತಿರುಗಿಸಿದರೂ ದನಿ ಬಿಟ್ಟುಹೋಗುವುದಿಲ್ಲ, ಅದು ಲಾಭ. ಆದರೆ ಫ್ಯಾನು, ಫ್ರಿಜ್ಜು, ಪಕ್ಕದ ಕೋಣೆಯ ಟಿವಿ, ಯಾವುದನ್ನೂ ಬಿಡುವುದಿಲ್ಲ. ಫ್ರಿಜ್ ಆಫ್ ಮಾಡಿ, ಮನೆ ಬೀಗದ ಕೈಯನ್ನು ಅದರೊಳಗೇ ಇಡಿ. ಹೊರಡುವಾಗ ಆನ್ ಮಾಡಲು ಮರೆಯಲ್ಲ.

ಅದಕ್ಕಿಂತ ದೊಡ್ಡ ತಲೆನೋವು ಬಟ್ಟೆ. ಮೈಕ್ ಕಾಣಬಾರದು ಅಂತ ಅಂಗಿಯೊಳಗೆ ಸಿಕ್ಕಿಸಿದರೆ ಪ್ರತಿ ಉಸಿರಿಗೂ ಸರಬರ. ಸಿಂಥೆಟಿಕ್ ಬಟ್ಟೆಯಾದರಂತೂ ಮುಗಿಯಿತು. ಹತ್ತಿ ಬಟ್ಟೆ ವಾಸಿ. ನಾವು ಕ್ಲಿಪ್ಪನ್ನೇ ತೆಗೆದು, ಬಟ್ಟೆಗೆ ಒಂದು, ಮೈಗೆ ಒಂದು ಅಂತ ಎರಡೂ ಕಡೆ ಮೆಡಿಕಲ್ ಟೇಪ್ ಹಾಕಿ, ಮೈಕ್ ಅಲ್ಲಾಡದ ಹಾಗೆ ನಡುವೆ ಕೂರಿಸಿದೆವು. ಕೆಳಗೆ ವೈರನ್ನು ಒಂದು ಸುತ್ತು ಸುತ್ತಿ ಅದನ್ನೂ ಅಂಟಿಸಬೇಕು, ಎಳೆದಾಗ ಜಗ್ಗುವುದು ಆ ಸುತ್ತನ್ನೇ ಹೊರತು ಮೈಕನ್ನಲ್ಲ. ಇಷ್ಟಾದ ಮೇಲೂ 'ಸ', 'ಶ' ಸ್ವಲ್ಪ ಮಂಕಾಗುತ್ತವೆ. ಎಡಿಟಿಂಗ್‌ನಲ್ಲಿ ಮೇಲಿನ ಫ್ರೀಕ್ವೆನ್ಸಿ ತುಸು ಏರಿಸಿದರೆ ಸರಿಹೋಗುತ್ತದೆ.

ನನಗೆ ನಿಜವಾಗಿ ಸಿಟ್ಟು ಬರಿಸಿದ್ದು ಬೇರೆ. ಫೋನಿನ ತೂತಿಗೆ ಮೈಕ್ ಪಿನ್ ಹಾಕಿದರೆ ಹೆಡ್‌ಫೋನ್‌ಗೆ ಜಾಗವೇ ಇಲ್ಲ! ರೆಕಾರ್ಡ್ ಆಗುವಾಗ ಕೇಳುವ ಹಾಗಿಲ್ಲ. ಪ್ರತಿ ಟೇಕ್ ಆದಮೇಲೆ ಪಿನ್ ಕಿತ್ತು, ಕೇಳಿ, ಮತ್ತೆ ಹಾಕಬೇಕು. ಅಷ್ಟರಲ್ಲಿ ನಟರ ಮೂಡು ಹೋಗಿರುತ್ತದೆ ಅಲ್ವಾ? ಡಬ್ಬದ ಮೇಲೆ ಇದರ ಸುದ್ದಿಯೇ ಇಲ್ಲ.

ವೈರ್ ಎಷ್ಟೇ ಉದ್ದ ಕೊಟ್ಟಿದ್ದರೂ ಫ್ರೇಮಿನಲ್ಲಿ ಕಾಣದ ಹಾಗೆ ಅದನ್ನು ಕ್ಯಾಮೆರಾ ತನಕ ತರುವುದೇ ಕಷ್ಟ. ಸುಮ್ನೆ ಇನ್ನೊಂದು ಹಳೇ ಫೋನನ್ನು ನಟರ ಜೇಬಿಗೆ ಹಾಕಿ, ಮೈಕ್ ಪಿನ್ ಅದಕ್ಕೇ ಹಾಕಿ, ಅದರಲ್ಲೇ ದನಿ ರೆಕಾರ್ಡ್ ಮಾಡಿ. ಏರ್‌ಪ್ಲೇನ್ ಮೋಡ್ ಕಡ್ಡಾಯ. ಆ್ಯಪ್‌ನಲ್ಲಿ 48 ಕಿಲೋಹರ್ಟ್ಸ್, ವೇವ್ ಫೈಲ್ ಅಂತ ಆರಿಸಿ, ದನಿಯ ಮಟ್ಟವನ್ನು ತಾನೇ ಏರಿಸಿ ಇಳಿಸುವ ಆಟೋ ಗೇನ್ ಆಫ್ ಮಾಡಲು ಬಂದರೆ ಮಾಡಿ. ಇಲ್ಲದಿದ್ದರೆ ಮಾತು ನಿಂತಾಗೆಲ್ಲ ಕೋಣೆಯ ಗುಂಯ್ ಅನ್ನುವ ಸದ್ದು ಮೇಲೆದ್ದು ಬರುತ್ತದೆ. ಕ್ಯಾಮೆರಾ ಮುಂದೆ ಒಂದು ಚಪ್ಪಾಳೆ ಹೊಡೆದರೆ ಆಮೇಲೆ ದನಿಯನ್ನು ಚಿತ್ರಕ್ಕೆ ಹೊಂದಿಸಲು, ಅಂದ್ರೆ ಸಿಂಕ್ ಮಾಡಲು, ಸಾಕು. ಆದರೆ ತುಂಬಾ ಫೋನುಗಳ ವಿಡಿಯೋದಲ್ಲಿ ಫ್ರೇಮ್ ರೇಟ್ (ಸೆಕೆಂಡಿಗೆ ಎಷ್ಟು ಚಿತ್ರ ಅನ್ನುವುದು) ಒಂದೇ ಸಮ ಇರುವುದಿಲ್ಲ. ಉದ್ದ ಶಾಟ್‌ನಲ್ಲಿ ತುಟಿ ಒಂದು ಕಡೆ, ಮಾತು ಒಂದು ಕಡೆ ಆಗಬಹುದು. ಅದು ಮೈಕಿನ ತಪ್ಪಲ್ಲ, ಶಾಟ್ ಚಿಕ್ಕದಾಗಿಡಿ.

ತಗೊಳ್ಳುವಾಗ ಪಿನ್ ನೋಡಿ. ಮೂರು ಗೆರೆ ಇದ್ದರೆ ಫೋನಿಗೆ, ಎರಡೇ ಇದ್ದರೆ ಕ್ಯಾಮೆರಾಕ್ಕೆ. ಫೋನಿನಲ್ಲಿ ಇಯರ್‌ಫೋನ್ ತೂತೇ ಇಲ್ಲ ಅಂದ್ರೆ ಟೈಪ್ ಸಿ ಅಡಾಪ್ಟರ್ ಬೇಕು, ಅದೂ ಮೈಕ್ ಒಪ್ಪುವಂಥದ್ದು. ಹಾಡು ಕೇಳಲು ಮಾತ್ರ ಬರುವ ಅಡಾಪ್ಟರ್‌ಗಳೂ ಇವೆ, ನೋಡಲು ಎರಡೂ ಒಂದೇ ಥರ.