ಅಜಮಾಸು ನಾಲ್ಕು ಫೂಟಿನ ಕಪಾಟು

ಧಾರವಾಡದ ನಮ್ಮ ಹಳೆಯ ಮನೆಯಲ್ಲಿ ಎರಡು ಗೋಡೆಗಳ ನಡುವೆ ಖಾಲಿ ಉಳಿದಿದ್ದ ಜಾಗಕ್ಕೆ ಪುಸ್ತಕದ ಕಪಾಟೊಂದನ್ನು ಹಳೇ ಹುಬ್ಬಳ್ಳಿಯ ಸಣ್ಣ ಬಡಿಗತನದ ಅಂಗಡಿಯೊಂದರಲ್ಲಿ ಮಾಡಿಸಿದೆ. ಅಳತೆಗೆ ಬಂದ ದಿನ ಅಲ್ಲಿನ ಬಡಿಗೇರರು ಮೂರು ಮಾತು ಹೇಳಿದರು: ‘ಅಗಲ ಅಜಮಾಸ ನಾಲ್ಕ ಫೂಟ ಐತ್ರಿ’, ‘ಅಂದಾಜ ಹದಿನಾಲ್ಕ ಸಾವಿರ ಆಗ್ತೈತ್ರಿ’, ‘ಸುಮಾರ ಎಂಟ ದಿನ ಹಿಡೀತೈತ್ರಿ’. ನಿಘಂಟಿನಲ್ಲಿ ಅಜಮಾಸು, ಅಂದಾಜು, ಸುಮಾರು ಈ ಮೂರು ಪದಗಳಿಗೂ ಹೆಚ್ಚುಕಡಿಮೆ ಒಂದೇ ಅರ್ಥವಿದ್ದರೂ, ಅವರ ಬಾಯಲ್ಲಿ ಒಂದೊಂದರ ಸಡಿಲವೂ ಬೇರೆಯೆಂಬುದು ಕಪಾಟು ಬಂದಮೇಲೆ ತಿಳಿಯಿತು.

ಮರಾಠಿಯೊಡನೆ ನಾವು ಹಂಚಿಕೊಂಡಿರುವ ‘ಅಜಮಾಸು’ ಎಂಬ ಪದವನ್ನು ಕೇಳಿ, ಇವರು ಕಣ್ಣಳತೆಯ ಮೇಲೆ ಕೆಲಸ ಮಾಡುವವರೆಂದು ನಾನು ಅನುಮಾನಪಟ್ಟಿದ್ದೆ. ಆದರೆ ಅವರು ಟೇಪು ಹಿಡಿದು ಕೆಳಗೆ, ನಡುವೆ, ಮೇಲೆ ಹೀಗೆ ಮೂರು ಕಡೆ ಅಳೆದಿದ್ದರು. ಮಣ್ಣಿನ ಗೋಡೆ ನೆಟ್ಟಗಿಲ್ಲದ್ದರಿಂದ ಕೆಳಗೆ 48 ಇಂಚು ಇದ್ದದ್ದು ಮೇಲೆ 47½ಕ್ಕೆ ಇಳಿದಿತ್ತು. ಅವರು ಕಪಾಟನ್ನು 47¼ ಇಂಚಿಗೆ ಕೊಯ್ದು ತಂದು, ಒಂದೇ ಸಲಕ್ಕೆ ಕೂರಿಸಿದರು. ಅಜಮಾಸು ಎಂದರೆ ಗೋಡೆಯ ಸೊಟ್ಟಕ್ಕೆ ಬಿಟ್ಟ ಜಾಗವೆಂದು ಆಗ ಅರ್ಥವಾಯಿತು. ‘ಅಂದಾಜು’ ಸಹ ನಂಬಬಹುದಾದದ್ದೇ: ಕೊನೆಯ ಬಿಲ್ಲು 14,600 ರೂಪಾಯಿ.

ತೊಂದರೆಯೆಲ್ಲ ‘ಸುಮಾರು’ ಎಂಬ ಪದದಲ್ಲಿದೆ. ಪಾರಸಿಯಲ್ಲಿ ‘ಶುಮಾರ್’ ಎಂದರೆ ಎಣಿಕೆ, ‘ಅಂದಾಜ಼ಾ’ ಎಂದರೆ ಅಳತೆ. ಎಣಿಕೆಯ ಪದ ನಮ್ಮಲ್ಲಿಗೆ ಬಂದು ಎಣಿಕೆ ತಪ್ಪಿಸಿಕೊಂಡಿರುವುದು ಒಂದು ತಮಾಷೆ. ‘ಸುಮಾರು ಹತ್ತು ಮಂದಿ’ ಎಂದರೆ ಹತ್ತರ ಆಸುಪಾಸು, ‘ಸುಮಾರು ಮಂದಿ ಬಂದಿದ್ದರು’ ಎಂದರೆ ಬಹಳ ಜನ, ‘ಊಟ ಸುಮಾರಾಗಿತ್ತು’ ಎಂದರೆ ಅಷ್ಟಕ್ಕಷ್ಟೆ. ಎಂಟು ದಿನದ ಕೆಲಸ ಇಪ್ಪತ್ತೆರಡು ದಿನ ಹಿಡಿದಾಗ ನನಗೆ ದಕ್ಕಿದ್ದು ಎರಡನೆಯ ಅರ್ಥ. ಅದನ್ನು ಸಹಿಸಬಹುದಿತ್ತು, ಆದರೆ ಖಾನೆಗಳ ಎತ್ತರವನ್ನೂ ಅವರು ‘ಸುಮಾರ ಒಂದ ಫೂಟ’ ಎಂದೇ ಹಿಡಿದು, ಒಳಗಡೆ 11 ಇಂಚು ಮಾತ್ರ ಬಿಟ್ಟಿದ್ದಾರೆ. ಎ4 ಕಾಗದದ ಎತ್ತರ 297 ಮಿಲಿಮೀಟರ್, ಅಂದರೆ ಹನ್ನೊಂದೂವರೆ ಇಂಚಿಗೂ ತುಸು ಹೆಚ್ಚು. ಹೀಗಾಗಿ ನನ್ನ ಫೈಲುಗಳೆಲ್ಲ ಅಡ್ಡ ಮಲಗಿವೆ. ಇದರಲ್ಲಿ ನನ್ನ ತಪ್ಪೂ ಇದೆ, ಏನಿಡುತ್ತೇನೆಂದು ನಾನೂ ಹೇಳಿರಲಿಲ್ಲ.

ಕಟ್ಟಿಗೆ, ಕೂಡಿಕೆ, ಪಾಲಿಶ್ ಯಾವುದಕ್ಕೂ ಹೆಸರಿಡುವಂತಿಲ್ಲ. ಬಾಗಿಲು ಬೆರಳಲ್ಲಿ ದೂಡಿದರೆ ಮುಚ್ಚುತ್ತದೆ. ಆದ್ದರಿಂದ ಬರೆಯುವ ಮೇಜಿಗೂ ಅವರಿಗೇ ಹೇಳಿದ್ದೇನೆ. ಈ ಸಲ ಪ್ರತಿಯೊಂದು ಖಾನೆಯ ಒಳ ಅಳತೆಯನ್ನು ಚೀಟಿಯಲ್ಲಿ ಬರೆದುಕೊಟ್ಟಾಗ ಅವರು ಅದನ್ನು ಮಡಚಿ ಕಿಸೆಗೆ ಹಾಕಿಕೊಂಡರು. ಯಾವಾಗ ಕೊಡುತ್ತೀರೆಂದು ಕೇಳಿದ್ದಕ್ಕೆ, ‘ಸುಮಾರ ಹದಿನೈದ ದಿನಾರಿ’ ಎಂದರು.